ಕ್ಯಾಲಿಫೋರ್ನಿಯಾದಲ್ಲಿ ಫ್ಯಾಮಿಲಿ ಥೆರಪಿಸ್ಟ್ ಆಗಬೇಕೆ? ಕಾಲೇಜಿಗಿಂತ ಮೊದಲು ಕಾನೂನು ಓದಿ

"ಊರಲ್ಲಿ ಸೈಕಾಲಜಿ ಎಂಎಸ್ಸಿ ಮಾಡಿದ್ದೀನಿ, ಇಲ್ಲಿ ಕೌನ್ಸೆಲಿಂಗ್ ಶುರು ಮಾಡಬಹುದಾ?" ಕ್ಯಾಲಿಫೋರ್ನಿಯಾಕ್ಕೆ ಬಂದ ಕನ್ನಡದವರು ಆಗಾಗ ಕೇಳುವ ಪ್ರಶ್ನೆ ಇದು. ಊರಿನ ಕೆಲಸ ಬಿಟ್ಟು ಗಂಡನ ಜೊತೆ ಬಂದ ಹೆಣ್ಣುಮಕ್ಕಳಂತೂ ಜಾಸ್ತಿ ಕೇಳುತ್ತಾರೆ. ಚಿಕ್ಕ ಉತ್ತರ: ನಿಮ್ಮದೇ ಹೆಸರಲ್ಲಿ ಮಾಡಬೇಕೆಂದರೆ ಲೈಸೆನ್ಸ್ ಬೇಕು. ಅದು ಸಿಗುವ ದಾರಿ ಉದ್ದವಾಗಿದೆ, ಆದರೆ ಗೋಜಲಾಗಿಲ್ಲ. ಯಾವ ಕಾಗದ ಯಾವಾಗ ಬೇಕು ಎಂದು ಮೊದಲೇ ಗೊತ್ತಿದ್ದರೆ ಸಾಕು.

ನಾವಿಲ್ಲಿ ಮಾತಾಡುತ್ತಿರುವುದು ಲೈಸೆನ್ಸ್ಡ್ ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್, ಅಂದರೆ ಎಲ್‌ಎಂಎಫ್‌ಟಿ ಬಗ್ಗೆ. ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಒಂಟಿಯಾಗಿ ಬರುವವರು, ಎಲ್ಲರಿಗೂ ಇವರು ಥೆರಪಿ ಕೊಡಬಹುದು. ಈ ವೃತ್ತಿಗೆ ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ್ದೇ ಕ್ಯಾಲಿಫೋರ್ನಿಯಾ, 1963ರಲ್ಲಿ. ಕೊನೆಗೆ ಬಂದದ್ದು ಮೊಂಟಾನಾ, 2009ರಲ್ಲಿ. ಈಗ 50 ರಾಜ್ಯಗಳಲ್ಲೂ ಲೈಸೆನ್ಸ್ ಇದೆ, ಆದರೆ ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ. 2024ರ ಜನವರಿಯಿಂದ ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಕೂಡ ಇವರಿಗೆ ದುಡ್ಡು ಕೊಡುತ್ತಿದೆ. ವಯಸ್ಸಾದವರ ಜೊತೆ ಕೆಲಸ ಮಾಡಬೇಕೆನ್ನುವವರಿಗೆ ಇದು ದೊಡ್ಡ ಬದಲಾವಣೆ.

ಮೊದಲ ಹೆಜ್ಜೆ: ರಾಜ್ಯ ಯಾವುದು ಅಂತ ತೀರ್ಮಾನಿಸಿ

ಎಲ್ಲರೂ ಮೊದಲು ಕಾಲೇಜು ಹುಡುಕುತ್ತಾರೆ. ನನಗೆ ಅದು ತಲೆಕೆಳಗು ಅನಿಸುತ್ತದೆ. ಲೈಸೆನ್ಸ್ ಕೊಡುವುದು ಕಾಲೇಜಲ್ಲ, ರಾಜ್ಯದ ಬೋರ್ಡ್. ಕ್ಯಾಲಿಫೋರ್ನಿಯಾದಲ್ಲಿ ಅದು ಸ್ಯಾಕ್ರಮೆಂಟೊದಲ್ಲಿರುವ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್, ಎಲ್ಲರ ಬಾಯಲ್ಲಿ ಬಿಬಿಎಸ್. ಇದರ ನಿಯಮಗಳಿರುವುದು ರಾಜ್ಯದ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನಲ್ಲಿ. ಓದಿಗೆ ಸಂಬಂಧಪಟ್ಟದ್ದು ಸೆಕ್ಷನ್ 4980.36. ಕಾನೂನು ಅಂದಕೂಡಲೇ ಹೆದರಬೇಡಿ. ಕೆಲವೇ ಪುಟ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಪ್ರಿಂಟ್ ತೆಗೆದು ಪೆನ್ನು ಹಿಡಿದು ಕೂತರೆ, ಕಾಲೇಜಿನ ಬ್ರೋಷರ್‌ನಲ್ಲಿ ಏನು ಹೇಳಿದ್ದಾರೆ, ಏನು ಹೇಳದೆ ಬಿಟ್ಟಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನು ಎರಡು-ಮೂರು ವರ್ಷದಲ್ಲಿ ಗಂಡನಿಗೋ ಹೆಂಡತಿಗೋ ಬೇರೆ ರಾಜ್ಯದಲ್ಲಿ ಕೆಲಸ ಸಿಗುವ ಸಾಧ್ಯತೆ ಇದೆಯಾ? ಹಾಗಿದ್ದರೆ ಸಿಒಎಎಂಎಫ್‌ಟಿಇ ಮಾನ್ಯತೆ ಇರುವ ಕೋರ್ಸನ್ನೇ ನೋಡಿ. ಅದು ಈ ವಿಷಯಕ್ಕೆಂದೇ ಇರುವ ರಾಷ್ಟ್ರಮಟ್ಟದ ಮಾನ್ಯತೆ. ಕ್ಯಾಲಿಫೋರ್ನಿಯಾ ಇದನ್ನು ಕಡ್ಡಾಯ ಮಾಡಿಲ್ಲ, ಆದರೆ ಬೇರೆ ರಾಜ್ಯದ ಬೋರ್ಡ್ ಮುಂದೆ ಕಾಗದ ಇಡುವಾಗ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಸ್ಯಾನ್ ಡಿಯಾಗೊ ಸ್ಟೇಟ್, ಲೋಮಾ ಲಿಂಡಾ, ಅಲಿಯಾಂಟ್ ಮುಂತಾದ ಯುನಿವರ್ಸಿಟಿಗಳು ಇಂಥ ಕೋರ್ಸ್‌ಗೆ ಹೆಸರಾದವು. ಮಾನ್ಯತೆ ಸಿಗುವುದು ಇಡೀ ಯುನಿವರ್ಸಿಟಿಗಲ್ಲ, ಒಂದೊಂದು ಕೋರ್ಸಿಗೆ, ಕ್ಯಾಂಪಸ್ಸಿಗೆ. ಹಾಗಾಗಿ ನೀವು ಸೇರುವುದಕ್ಕೆ ಇದೆಯಾ ಅಂತಲೇ ಕೇಳಿ.

ಪದವಿ ಹೇಗಿರಬೇಕು

ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಬೇಕು. ಕನಿಷ್ಠ 60 ಸೆಮಿಸ್ಟರ್ ಯೂನಿಟ್ (ಯೂನಿಟ್ ಅಂದರೆ ಪಾಠದ ಪ್ರಮಾಣದ ಲೆಕ್ಕ, ಕ್ರೆಡಿಟ್), ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ 90 ಯೂನಿಟ್. ಡಿಗ್ರಿಯ ಹೆಸರೂ ಕಾನೂನಿನ ಪಟ್ಟಿಯಲ್ಲಿ ಇರಬೇಕು: ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿ, ಕಪಲ್ ಅಂಡ್ ಫ್ಯಾಮಿಲಿ ಥೆರಪಿ, ಸೈಕಾಲಜಿ, ಕ್ಲಿನಿಕಲ್ ಸೈಕಾಲಜಿ, ಕೌನ್ಸೆಲಿಂಗ್ ಸೈಕಾಲಜಿ, ಹೀಗೆ. ಬರೀ ಕೌನ್ಸೆಲಿಂಗ್ ಅಂತಿದ್ದರೆ ಅದರಲ್ಲಿ ಮದುವೆ-ಕುಟುಂಬ ಥೆರಪಿಗೆ ಒತ್ತು ಕೊಟ್ಟಿರಬೇಕು.

ಹೆಸರು ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಒಳಗೆ ಕನಿಷ್ಠ 12 ಸೆಮಿಸ್ಟರ್ ಯೂನಿಟ್‌ನಷ್ಟು ಮದುವೆ ಮತ್ತು ಕುಟುಂಬ ಥೆರಪಿಯ ಸಿದ್ಧಾಂತ, ವಿಧಾನಗಳ ಪಾಠ ಇರಬೇಕು. ರೋಗನಿರ್ಣಯ, ಚಿಕಿತ್ಸೆಯ ಯೋಜನೆ, ಮಕ್ಕಳಿಂದ ಮುದುಕರವರೆಗಿನ ಬೆಳವಣಿಗೆ, ಮದ್ಯ ಮತ್ತು ಮಾದಕ ವಸ್ತುಗಳ ಚಟ, ಮಾನಸಿಕ ಕಾಯಿಲೆಯ ಮಾತ್ರೆಗಳು, ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸಿ ವರದಿ ಮಾಡುವುದು, ಮನೆಯೊಳಗಿನ ಹಿಂಸೆ, ಕ್ಯಾಲಿಫೋರ್ನಿಯಾದ ಕಾನೂನು ಮತ್ತು ವೃತ್ತಿ ನೀತಿ, ಇವೆಲ್ಲ ಬರಬೇಕು. ಜೊತೆಗೆ ಆತ್ಮಹತ್ಯೆಯ ಅಪಾಯ ಅಳೆಯುವುದರ ಬಗ್ಗೆ 6 ಗಂಟೆ, ಫೋನು-ವಿಡಿಯೊದಲ್ಲಿ ಥೆರಪಿ ಕೊಡುವುದರ ಬಗ್ಗೆ 3 ಗಂಟೆ ತರಬೇತಿ.

ಕಾಲೇಜಿಗೆ ಸೇರಿಕೊಳ್ಳುವುದು ಅಂದುಕೊಂಡಷ್ಟು ಕಷ್ಟ ಅಲ್ಲ. ಬ್ಯಾಚಲರ್ಸ್ ಸೈಕಾಲಜಿಯಲ್ಲೇ ಆಗಿರಬೇಕೆಂದಿಲ್ಲ. ಬಿಇ ಮಾಡಿ ಹತ್ತು ವರ್ಷ ಕೋಡ್ ಬರೆದವರೂ ಅರ್ಜಿ ಹಾಕಬಹುದು. ಕೆಲವು ಕಡೆ ಸ್ಟ್ಯಾಟಿಸ್ಟಿಕ್ಸ್, ಅಬ್‌ನಾರ್ಮಲ್ ಸೈಕಾಲಜಿಯಂಥ ಒಂದೆರಡು ಪೇಪರ್ ಮೊದಲೇ ಮುಗಿಸಿ ಬನ್ನಿ ಅನ್ನುತ್ತಾರೆ. ಅದನ್ನು ಹತ್ತಿರದ ಕಮ್ಯುನಿಟಿ ಕಾಲೇಜಲ್ಲಿ ಕಡಿಮೆ ಖರ್ಚಿನಲ್ಲಿ ಮುಗಿಸಿಕೊಳ್ಳಿ. ನಮ್ಮ ಮೂರು ವರ್ಷದ ಬಿಎ, ಬಿಎಸ್ಸಿಯನ್ನು ಕೆಲವು ಯುನಿವರ್ಸಿಟಿಗಳು ಒಪ್ಪುತ್ತವೆ, ಕೆಲವು ಒಪ್ಪಲ್ಲ. ಅರ್ಜಿ ಫೀಸು ಕಟ್ಟುವ ಮುಂಚೆ ಇದೊಂದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಸರ್ಕಾರಿ ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿಗಳಲ್ಲಿ ಫೀಸು ಕಡಿಮೆ, ಸೀಟೂ ಕಡಿಮೆ. ಖಾಸಗಿಯಲ್ಲಿ ಸೀಟು ಸುಲಭ, ಫೀಸು ಹಲವು ಪಟ್ಟು. ಬೋರ್ಡ್ ಮುಂದೆ ಎರಡಕ್ಕೂ ಒಂದೇ ಬೆಲೆ. ಹಾಗಾಗಿ ಸುಮ್ನೆ ಹೆಸರಿಗೆ ಮರುಳಾಗಿ ಸಾಲ ಮಾಡಬೇಡಿ. ಮೊದಲ ಕೆಲವು ವರ್ಷ ಈ ವೃತ್ತಿಯಲ್ಲಿ ಸಂಬಳ ಕಮ್ಮಿ, ಸಾಲದ ಕಂತು ಕುತ್ತಿಗೆಗೆ ಬರುತ್ತದೆ.

ಊರಿನ ಡಿಗ್ರಿ ನಡೆಯುತ್ತದಾ?

ಇಲ್ಲೇ ಜಾಸ್ತಿ ಜನ ಎಡವುವುದು. ಹೊರದೇಶದ ಡಿಗ್ರಿಯನ್ನು ಬಿಬಿಎಸ್ ಪೂರ್ತಿ ತಳ್ಳಿಹಾಕುವುದಿಲ್ಲ. ಹೊರದೇಶದ ಡಿಗ್ರಿ ಅಳೆಯುವ ಸಂಸ್ಥೆಗಳ ನೇಸಸ್ ಎಂಬ ಒಕ್ಕೂಟದ ಸದಸ್ಯ ಸಂಸ್ಥೆಯೊಂದರಿಂದ ಮೌಲ್ಯಮಾಪನ ಮಾಡಿಸಿ, ಅದು ಅಮೆರಿಕದ ಮಾನ್ಯ ಡಿಗ್ರಿಗೆ ಸಮ ಅಂತ ತೋರಿಸಬೇಕು. ನಮ್ಮವರಿಗೆ ಗೊತ್ತಿರುವ ಡಬ್ಲ್ಯುಇಎಸ್ ಕೂಡ ಆ ಒಕ್ಕೂಟದ್ದೇ. ಒಟ್ಟಾರೆ "ಇದು ಮಾಸ್ಟರ್ಸ್‌ಗೆ ಸಮ" ಅನ್ನುವ ಒಂದು ಪುಟದ ವರದಿ ಇಲ್ಲಿ ಸಾಲದು. ಒಂದೊಂದು ಪೇಪರನ್ನೂ ಯೂನಿಟ್ ಲೆಕ್ಕದಲ್ಲಿ ಬಿಡಿಸಿಟ್ಟ ವಿವರವಾದ ವರದಿ ಬೇಕು.

ತೊಡಕು ಸಮಾನತೆಯದಲ್ಲ, ಒಳಗಿನ ವಿಷಯದ್ದು. ನಮ್ಮ ಎಂಎ, ಎಂಎಸ್ಸಿ ಸೈಕಾಲಜಿಯಲ್ಲಿ ಥಿಯರಿ, ಸ್ಟ್ಯಾಟಿಸ್ಟಿಕ್ಸ್, ಪ್ರಬಂಧ ಚೆನ್ನಾಗಿಯೇ ಇರುತ್ತದೆ. ಕುಟುಂಬ ಥೆರಪಿಯ 12 ಯೂನಿಟ್ ಮತ್ತು ಕ್ಲೈಂಟ್ ಎದುರು ಕೂತ ಗಂಟೆಗಳು ಸಾಮಾನ್ಯವಾಗಿ ಇರುವುದಿಲ್ಲ. ಸಣ್ಣಪುಟ್ಟ ಕೊರತೆಯಾದರೆ ಬಿಡಿ ಕೋರ್ಸ್ ಮಾಡಿ ತುಂಬಿಸಬಹುದು. ಅರ್ಧಕ್ಕರ್ಧ ಕೊರತೆಯಿದ್ದರೆ ತೇಪೆ ಹಾಕುತ್ತಾ ಕೂರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೊಸದಾಗಿ ಮಾಸ್ಟರ್ಸ್ ಮಾಡುವುದೇ ಬೇಗ ಮುಗಿಯುತ್ತದೆ, ಕೆಲವೊಮ್ಮೆ ಕಡಿಮೆ ಖರ್ಚಿನಲ್ಲೂ ಮುಗಿಯುತ್ತದೆ.

ಎಂಎಸ್‌ಡಬ್ಲ್ಯು ಮಾಡಿದವರು ಸ್ವಲ್ಪ ನಿಲ್ಲಿ. ಮಂಗಳೂರಿನ ರೋಶನಿ ನಿಲಯದಲ್ಲೋ ಮೈಸೂರಿನಲ್ಲೋ ಎಂಎಸ್‌ಡಬ್ಲ್ಯು ಮುಗಿಸಿದ್ದರೆ ಎಲ್‌ಎಂಎಫ್‌ಟಿ ನಿಮ್ಮ ದಾರಿಯಲ್ಲ, ಆ ಡಿಗ್ರಿ ಪಟ್ಟಿಯಲ್ಲೇ ಇಲ್ಲ. ನಿಮಗೆ ಲೈಸೆನ್ಸ್ಡ್ ಕ್ಲಿನಿಕಲ್ ಸೋಷಿಯಲ್ ವರ್ಕರ್, ಅಂದರೆ ಎಲ್‌ಸಿಎಸ್‌ಡಬ್ಲ್ಯು ಎಂಬ ಇನ್ನೊಂದು ಲೈಸೆನ್ಸ್ ಇದೆ. ಕೊಡುವುದು ಇದೇ ಬೋರ್ಡ್. ಅದರಲ್ಲೂ ಕುಟುಂಬಗಳಿಗೆ ಥೆರಪಿ ಮಾಡಬಹುದು. ಹೊರದೇಶದ ಸೋಷಿಯಲ್ ವರ್ಕ್ ಡಿಗ್ರಿಗಳನ್ನು ಅಳೆಯಲು ಸಿಎಸ್‌ಡಬ್ಲ್ಯುಇ ಎಂಬ ಸಂಸ್ಥೆಯಲ್ಲಿ ಪ್ರತ್ಯೇಕ ವಿಭಾಗವಿದೆ. ಇದು ಗೊತ್ತಿಲ್ಲದೆ ಎರಡನೇ ಮಾಸ್ಟರ್ಸ್‌ಗೆ ದುಡ್ಡು ಸುರಿಯಬೇಡಿ.

ಎರಡರಲ್ಲಿ ಯಾವುದಾದರೂ ಸರಿ, ಟ್ರಾನ್ಸ್‌ಕ್ರಿಪ್ಟ್ ಮಾತ್ರ ಊರಿಂದ ಬರಬೇಕು. ಮುಚ್ಚಿದ ಕವರು, ಅದರ ಅಂಟಿನ ಮೇಲೆ ಯುನಿವರ್ಸಿಟಿಯ ಸೀಲು, ರುಜು. ಕವರನ್ನು ನೀವು ಬಿಚ್ಚಿದರೆ ಅದು ಕೆಲಸಕ್ಕೆ ಬರಲ್ಲ. ಈಗ ಕೆಲವು ಯುನಿವರ್ಸಿಟಿಗಳು ಆನ್‌ಲೈನಲ್ಲೇ ಕಳಿಸುತ್ತವೆ, ಅದು ಇದ್ದರೆ ಅದನ್ನೇ ಮಾಡಿ. ರಜೆಗೆ ಊರಿಗೆ ಹೋದಾಗ ನಾಲ್ಕು ಕವರು ಮಾಡಿಸಿ ತಂದುಬಿಡಿ. ಜೊತೆಗೆ ನೀವು ಓದಿದ ವರ್ಷದ ಸಿಲಬಸ್ ಪುಸ್ತಕ. ಇಲ್ಲಿಂದ ಫೋನ್ ಮಾಡಿ ಯುನಿವರ್ಸಿಟಿ ಆಫೀಸಿನಲ್ಲಿ ಹಳೇ ಸಿಲಬಸ್ ಹುಡುಕಿಸುವ ಕಷ್ಟ ಯಾರಿಗೂ ಬೇಡ.

ಪ್ರಾಕ್ಟಿಕಮ್: ಓದು ಹೋಗಿ ಮನುಷ್ಯರು ಬರುವ ಹೊತ್ತು

ಮಾಸ್ಟರ್ಸ್ ಒಳಗೇ ಕನಿಷ್ಠ 6 ಸೆಮಿಸ್ಟರ್ ಯೂನಿಟ್ ಪ್ರಾಕ್ಟಿಕಮ್, ಅಂದರೆ ಮೇಲ್ವಿಚಾರಣೆಯಲ್ಲಿ ನಿಜವಾದ ಕ್ಲೈಂಟ್ ನೋಡುವ ತರಬೇತಿ ಇರುತ್ತದೆ. ಒಟ್ಟು 225 ಗಂಟೆ. ಅದರಲ್ಲಿ 150 ಗಂಟೆ ಕ್ಲೈಂಟ್ ಜೊತೆ ನೇರ ಕೌನ್ಸೆಲಿಂಗ್ ಆಗಲೇಬೇಕು. ಉಳಿದ 75 ಗಂಟೆ ಅದೇ ಕೆಲಸ ಆಗಬಹುದು, ಇಲ್ಲವೇ ಕ್ಲೈಂಟ್ ಪರವಾಗಿ ಓಡಾಡುವುದು, ಅಂದರೆ ಅವರಿಗೆ ಬೇಕಾದ ಸೇವೆ ಹುಡುಕಿಕೊಡುವಂಥ ಕೆಲಸ ಆಗಬಹುದು.

ಅದಕ್ಕೂ ಮೊದಲು ತರಗತಿಯಲ್ಲಿ ಜೀನೋಗ್ರಾಮ್ ಬರೆಸುತ್ತಾರೆ. ಕುಟುಂಬದ ಮೂರು ತಲೆಮಾರನ್ನು ಒಂದು ಹಾಳೆಯಲ್ಲಿ ಚಿತ್ರವಾಗಿ ಇಡುವುದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಅಡ್ಡಗೆರೆ, ಡೈವೋರ್ಸ್ ಆಗಿದ್ದರೆ ಆ ಗೆರೆಗೆ ಎರಡು ಓರೆ ಗೀಟು, ತೀರಿಕೊಂಡವರ ಮೇಲೆ ಕತ್ತರಿ ಗುರುತು. ಮೊದಲು ನಿಮ್ಮ ಮನೆಯದೇ ಬರೆಯಬೇಕು. ನಮ್ಮ ಕಡೆಯವರಿಗೆ ಇಲ್ಲಿ ಮಜಾ ಇದೆ. ಅಜ್ಜಿ ಸೋದರಮಾವನನ್ನೇ ಮದುವೆಯಾಗಿದ್ದರೆ ಚಿತ್ರದಲ್ಲಿ ಅವರು ಒಂದು ಸಾಲು ಕೆಳಗೂ ಇರಬೇಕು, ಗಂಡನ ಪಕ್ಕದಲ್ಲೂ ಇರಬೇಕು. ಗೆರೆ ಓರೆಯಾಗಿ ಒಂದು ತಲೆಮಾರು ದಾಟಿ ಹೋಗುತ್ತದೆ. ಮೇಷ್ಟ್ರು ಕಣ್ಣರಳಿಸುತ್ತಾರೆ. ನಾಚಿಕೊಳ್ಳಬೇಡಿ, ವಿವರಿಸಿ ಹೇಳಿ. ಅತ್ತೆಯೇ ಅಜ್ಜಿಯೂ ಆಗಿರುವ ಮನೆಯಲ್ಲಿ ಜಗಳ ಬಂದರೆ ಯಾರ ಪರ ಯಾರು ನಿಲ್ಲುತ್ತಾರೆ ಅನ್ನುವುದು ನಿಮಗೆ ಪುಸ್ತಕ ಓದದೇ ಗೊತ್ತು. ಅಂಥದ್ದೇ ಮನೆಯವರು ಮುಂದೆ ನಿಮ್ಮ ಕ್ಲೈಂಟ್ ಆಗಿ ಬರುತ್ತಾರೆ.

ಕ್ಲೈಂಟ್ ನೋಡಲು ಶುರುಮಾಡಿದ ಮೇಲೆ ನಿಮ್ಮನ್ನೂ ನೋಡುತ್ತಾರೆ. ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡುತ್ತಾರೆ, ಇಲ್ಲವೇ ಒಂದು ಬದಿಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಸೂಪರ್‌ವೈಸರ್, ಸಹಪಾಠಿಗಳು ಕೂತಿರುತ್ತಾರೆ. ಕುಟುಂಬ ಥೆರಪಿಯಲ್ಲಿ ಇದು ಹಳೇ ಪದ್ಧತಿ. ಮಧ್ಯದಲ್ಲೇ ಫೋನ್ ಮಾಡಿ "ಈಗ ಅಪ್ಪನನ್ನು ಮಾತಾಡಿಸಿ" ಅಂತ ಹೇಳುವುದೂ ಉಂಟು. ಮೊದಮೊದಲು ಕೈ ಬೆವರುತ್ತದೆ, ಆಮೇಲೆ ಗಾಜು ಇರುವುದೇ ಮರೆತುಹೋಗುತ್ತದೆ.

ಜಾಗ ಆರಿಸುವಾಗ ಒಂದು ಮಾತು. ಶಾಲೆಯಲ್ಲಿ ಅಥವಾ ಮಕ್ಕಳು ಬರುವ ಕ್ಲಿನಿಕ್ಕಿನಲ್ಲಿ ಸಿಕ್ಕರೆ ಬಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇನ್ನೊಂದು: ಮಾಸ್ಟರ್ಸ್‌ನಲ್ಲಿ 12 ಸೆಮಿಸ್ಟರ್ ಯೂನಿಟ್ ಮುಗಿಯುವ ಮೊದಲು ಮಾಡಿದ ಗಂಟೆ ಲೈಸೆನ್ಸ್ ಲೆಕ್ಕಕ್ಕೆ ಬರುವುದಿಲ್ಲ. ವಿದ್ಯಾರ್ಥಿಯಾಗಿದ್ದಾಗ ಖಾಸಗಿ ಪ್ರಾಕ್ಟೀಸ್‌ನಲ್ಲಿ ಕೆಲಸ ಮಾಡುವಂತೆಯೂ ಇಲ್ಲ.

ಡಿಗ್ರಿ ಕೈಗೆ ಬಂದ ದಿನದಿಂದ 90 ದಿನ

ಪದವಿ ದಾಖಲಾದ ದಿನಾಂಕದಿಂದ 90 ದಿನದೊಳಗೆ ಅಸೋಸಿಯೇಟ್ (ಡಿಗ್ರಿ ಮುಗಿಸಿ, ಲೈಸೆನ್ಸ್ ಬರುವವರೆಗೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವರು) ನೋಂದಣಿಗೆ ಅರ್ಜಿ ಬಿಬಿಎಸ್ ತಲುಪಬೇಕು. ತಲುಪಿದರೆ, ನೋಂದಣಿ ಸಂಖ್ಯೆ ಬರುವವರೆಗಿನ ಮಧ್ಯದ ಗಂಟೆಗಳೂ ಲೆಕ್ಕಕ್ಕೆ ಸಿಗುತ್ತವೆ. ಆದರೆ ಕೆಲಸ ಶುರುಮಾಡುವ ಮೊದಲೇ ಕೆಲಸ ಕೊಟ್ಟ ಸಂಸ್ಥೆ ನಿಮ್ಮಿಂದ ಲೈವ್ ಸ್ಕ್ಯಾನ್, ಅಂದರೆ ಬೆರಳಚ್ಚು ತಪಾಸಣೆ ಮಾಡಿಸಿರಬೇಕು. ಆ ಫಾರ್ಮಿನ ಪ್ರತಿ ಜೋಪಾನ. ಈ ಮಧ್ಯದ ಅವಧಿಯಲ್ಲೂ ಖಾಸಗಿ ಪ್ರಾಕ್ಟೀಸ್ ಸೇರಬಾರದು. ಅರ್ಜಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರು ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಕೊಡಬಹುದು.

3,000 ಗಂಟೆ

ಇದು ನಿಜವಾದ ಬೆಟ್ಟ. ಮೇಲ್ವಿಚಾರಣೆಯಲ್ಲಿ ಒಟ್ಟು 3,000 ಗಂಟೆ, ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು. ಎಷ್ಟೇ ಓಡಿದರೂ ಎರಡು ವರ್ಷಕ್ಕಿಂತ ಬೇಗ ಆಗಲ್ಲ. ವಾರಕ್ಕೆ 40 ಗಂಟೆಗಿಂತ ಹೆಚ್ಚು ಲೆಕ್ಕವಿಲ್ಲ. ಓದುವಾಗಿನ ಗಂಟೆಗಳಲ್ಲಿ 1,300ರವರೆಗೆ ಇದಕ್ಕೆ ಸೇರಿಸಿಕೊಳ್ಳಬಹುದು.

ಒಳಲೆಕ್ಕ ಹೀಗಿದೆ. ಕನಿಷ್ಠ 1,750 ಗಂಟೆ ಕ್ಲೈಂಟ್ ಜೊತೆಗಿನ ನೇರ ಕೆಲಸ. ಅದರಲ್ಲಿ 500 ಗಂಟೆ ದಂಪತಿ, ಕುಟುಂಬ ಅಥವಾ ಮಕ್ಕಳ ಜೊತೆ. ಉಳಿದ 1,250 ಗಂಟೆಯಲ್ಲಿ ಸೂಪರ್‌ವಿಷನ್, ನೋಟ್ಸ್ ಬರೆಯುವುದು, ತರಬೇತಿ ಎಲ್ಲ ಬರುತ್ತದೆ. ಜನ ಸಿಕ್ಕಿಹಾಕಿಕೊಳ್ಳುವುದು ಈ 500ರಲ್ಲಿ. ಬರೀ ವಯಸ್ಕರೇ ಬರುವ ಕ್ಲಿನಿಕ್ಕಿನಲ್ಲಿ ಕೂತರೆ ಸಾವಿರ ಗಂಟೆಯಾದರೂ ಈ ಖಾನೆ ಖಾಲಿಯೇ ಇರುತ್ತದೆ. ದಂಪತಿ ಒಟ್ಟಿಗೆ ಬರುತ್ತೇವೆ ಅಂದು ಕೊನೇ ಗಳಿಗೆಯಲ್ಲಿ ಒಬ್ಬರೇ ಬರುವುದು ಮಾಮೂಲು. ಶಾಲೆಯಲ್ಲಿ ಮಕ್ಕಳು ಹೇಗಿದ್ದರೂ ಸಿಗುತ್ತಾರೆ. ಆಗಲೇ ಶಾಲೆ ಹಿಡಿಯಿರಿ ಅಂದದ್ದು ಅದಕ್ಕೆ.

ಸೂಪರ್‌ವಿಷನ್ ಲೆಕ್ಕ ಇನ್ನೂ ಬಿಗಿ. ಒಬ್ಬರಿಗೊಬ್ಬರು ಕೂತು ಒಂದು ಗಂಟೆ, ಅಥವಾ ಎಂಟು ಜನ ಮೀರದ ಗುಂಪಿನಲ್ಲಿ ಎರಡು ಗಂಟೆ, ಇದು ಒಂದು ಯೂನಿಟ್. ಅಸೋಸಿಯೇಟ್ ಆಗಿ ಒಂದು ಜಾಗದಲ್ಲಿ ವಾರಕ್ಕೆ 10 ಗಂಟೆಯವರೆಗಿನ ನೇರ ಕೆಲಸಕ್ಕೆ ಒಂದು ಯೂನಿಟ್ ಸಾಕು. ಹನ್ನೊಂದನೇ ಗಂಟೆ ಬಂತೋ, ಆ ವಾರ ಇನ್ನೊಂದು ಯೂನಿಟ್ ಬೇಕು. ಸೂಪರ್‌ವೈಸರ್ ರಜೆಯಲ್ಲಿದ್ದಾರೆ ಅಂದರೆ ಬೋರ್ಡ್ ಕೇಳಲ್ಲ. ಹದಿನೈದು ಕ್ಲೈಂಟ್ ನೋಡಿದ ವಾರದಲ್ಲಿ ಐದು ಗಂಟೆ ಗಾಳಿಗೆ ಹೋಗುತ್ತದೆ. ಸೇರುವಾಗಲೇ "ಸೂಪರ್‌ವೈಸರ್ ಇಲ್ಲದ ವಾರ ಬದಲಿ ಯಾರು?" ಅಂತ ಕೇಳಿ. ಸೂಪರ್‌ವಿಷನ್ ಒಪ್ಪಂದಕ್ಕೆ ಶುರುವಾದ 60 ದಿನದೊಳಗೆ ಸಹಿ ಬಿದ್ದಿರಬೇಕು.

ಪ್ರತಿ ವಾರದ ಲಾಗ್ ಹಾಳೆ ತುಂಬಿ, ಅದೇ ವಾರ ಸಹಿ ಹಾಕಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ತಿಂಗಳ ಕೊನೆಗೆ ಒಟ್ಟಿಗೆ ಮಾಡೋಣ ಅನ್ನುವ ಸೋಮಾರಿತನ ಬೇಡ. ಸೂಪರ್‌ವೈಸರ್ ಕೆಲಸ ಬಿಟ್ಟು ಹೋದರೆ ಸಹಿಗಾಗಿ ಊರೂರು ಅಲೆಯಬೇಕಾಗುತ್ತದೆ. ಅವರು ಬಿಡುವ ವಿಷಯ ಗೊತ್ತಾದ ದಿನವೇ ಅಂತಿಮ ದೃಢೀಕರಣ ಫಾರ್ಮಿಗೂ ಸಹಿ ಪಡೆಯಿರಿ.

ಇನ್ನೂ ಒಂದು ಗಡುವಿದೆ. ಲೈಸೆನ್ಸ್ ಅರ್ಜಿಯ ದಿನದಿಂದ ಹಿಂದಕ್ಕೆ ಆರು ವರ್ಷದೊಳಗಿನ ಗಂಟೆಗಳಿಗೆ ಮಾತ್ರ ಬೆಲೆ. ಪ್ರಾಕ್ಟಿಕಮ್‌ನ 500 ಗಂಟೆಯವರೆಗೆ ಇದರಿಂದ ವಿನಾಯಿತಿ ಇದೆ. ಬಾಣಂತನಕ್ಕೋ, ಅಪ್ಪ-ಅಮ್ಮನ ಆರೋಗ್ಯಕ್ಕೋ ಒಂದೆರಡು ವರ್ಷ ಬಿಡುವವರು ಕ್ಯಾಲೆಂಡರ್ ನೋಡಿಕೊಂಡೇ ಬಿಡಿ.

ವೀಸಾ ಮಾತು, ಇದನ್ನು ಕಾಲೇಜು ಹೇಳಲ್ಲ

ಎಚ್-4ನಲ್ಲಿ (ಎಚ್-1ಬಿ ನೌಕರರ ಗಂಡ-ಹೆಂಡತಿ, ಮಕ್ಕಳ ವೀಸಾ) ಇರುವವರು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸದೆಯೇ ಓದಬಹುದು. ಆದರೆ ಕೆಲಸಕ್ಕೆ ಇಎಡಿ, ಅಂದರೆ ಕೆಲಸದ ಅನುಮತಿ ಪತ್ರ ಬೇಕು. ಎಫ್-1ನವರಿಗೆ ಓದು ಮುಗಿದ ಮೇಲೆ ಒಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ ಸಿಗುವುದು 12 ತಿಂಗಳು. ಇಂಥ ಕೋರ್ಸ್‌ಗಳು ಸಾಮಾನ್ಯವಾಗಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇರುವುದಿಲ್ಲ, ಹಾಗಾಗಿ ಎಂಜಿನಿಯರ್‌ಗಳಿಗೆ ಸಿಗುವ ಎರಡು ವರ್ಷದ ವಿಸ್ತರಣೆ ಇಲ್ಲ. ಈಗ ಲೆಕ್ಕ ಹಾಕಿ: 3,000 ಗಂಟೆಗೆ 104 ವಾರ ಬೇಕು, ಕೈಯಲ್ಲಿರುವುದು 52. ಓದುವಾಗಲೇ ಆದಷ್ಟು ಗಂಟೆ, ಆದಷ್ಟು ವಾರ ಕೂಡಿಸಿಕೊಳ್ಳದಿದ್ದರೆ ಅರ್ಧದಾರಿಯಲ್ಲಿ ನಿಲ್ಲುತ್ತೀರಿ. ಅಸೋಸಿಯೇಟ್ ಸಂಬಳದ ನೌಕರನಾಗಿ ಅಥವಾ ಸ್ವಯಂಸೇವಕನಾಗಿ ಗಂಟೆ ಗಳಿಸಬಹುದು, ಕಾಂಟ್ರಾಕ್ಟರ್ ಆಗಿ 1099 ಎಂಬ ತೆರಿಗೆ ಫಾರ್ಮಿನ ಮೇಲೆ ಅಲ್ಲ. "ಸ್ವಯಂಸೇವೆ ಅಂದಮೇಲೆ ವೀಸಾ ತೊಂದರೆ ಇಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ. ಬೋರ್ಡ್ ಒಪ್ಪುವುದು ಬೇರೆ, ಇಮಿಗ್ರೇಷನ್ ಒಪ್ಪುವುದು ಬೇರೆ. ಫೀಸು ಕಟ್ಟುವ ಮೊದಲು ವಕೀಲರೊಬ್ಬರನ್ನು ಕೇಳಿ.

ಪರೀಕ್ಷೆ

ಎರಡಿವೆ. ಮೊದಲನೆಯದು ಕ್ಯಾಲಿಫೋರ್ನಿಯಾದ ಕಾನೂನು ಮತ್ತು ನೀತಿಯದು. ಅಸೋಸಿಯೇಟ್ ಆದ ಮೊದಲ ವರ್ಷವೇ ಕೂರಬೇಕು, ಪಾಸಾಗುವವರೆಗೆ ವರ್ಷವರ್ಷ ಕೂರುತ್ತಿರಬೇಕು. ಎರಡನೆಯದು ಕ್ಲಿನಿಕಲ್ ಪರೀಕ್ಷೆ, 3,000 ಗಂಟೆ ಮುಗಿದು ಅರ್ಜಿ ಒಪ್ಪಿಗೆಯಾದ ಮೇಲೆ. ಮೊದಲನೆಯದರಲ್ಲಿ ನಮ್ಮವರು ತಡವರಿಸುವುದು ಗುಟ್ಟಿನ ವಿಷಯದಲ್ಲಿ. ಹದಿನಾರರ ಹುಡುಗಿ ಹೇಳಿದ್ದನ್ನು ಅಮ್ಮನಿಗೆ ಹೇಳಬೇಕಾ, ಬೇಡವಾ? ಊರಿನ ಅಭ್ಯಾಸ ಒಂದು ಹೇಳುತ್ತದೆ, ಇಲ್ಲಿನ ಕಾನೂನು ಇನ್ನೊಂದು. ಪರೀಕ್ಷೆಯಲ್ಲಿ ಕಾನೂನಿನದ್ದೇ ಉತ್ತರ.

ಲೈಸೆನ್ಸ್ ಬಂದ ಮೇಲೆ

ಎರಡು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 36 ಗಂಟೆಯ ಮುಂದುವರಿದ ಕಲಿಕೆ. ವಿಡಿಯೊದಲ್ಲಿ ಥೆರಪಿ ಕೊಡುವಾಗ ಕ್ಲೈಂಟ್ ಆ ಹೊತ್ತಿಗೆ ಎಲ್ಲಿ ಕೂತಿದ್ದಾರೆ ಅನ್ನುವುದು ಮುಖ್ಯ. ಡಲ್ಲಾಸ್‌ನಲ್ಲಿರುವ ಕನ್ನಡದ ಕುಟುಂಬ ಕನ್ನಡದಲ್ಲೇ ಮಾತಾಡುವ ಥೆರಪಿಸ್ಟ್ ಬೇಕು ಅಂದರೂ, ಟೆಕ್ಸಸ್‌ನ ಒಪ್ಪಿಗೆ ಇಲ್ಲದೆ ನೀವು ಸೆಷನ್ ಮಾಡುವಂತಿಲ್ಲ.

ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ: ಭಾರತದಲ್ಲಿ ಮದುವೆ-ಕುಟುಂಬ ಥೆರಪಿಗೆ ಅಂತ ಪ್ರತ್ಯೇಕ ಲೈಸೆನ್ಸ್ ಇಲ್ಲ. ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಚಿಕಿತ್ಸಾ ಕೇಂದ್ರವಿದೆ, ಕೆಲಸದ ಬಗ್ಗೆ ಅಲ್ಲಿ ಅರಿವೂ ಇದೆ. ಆದರೆ ಎಲ್‌ಎಂಎಫ್‌ಟಿ ಇದ್ದ ಮಾತ್ರಕ್ಕೆ ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕಿಕೊಳ್ಳಲು ಬರುವುದಿಲ್ಲ, ಅದಕ್ಕೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಬೇಕು. ಹೊರಡುವ ಮುಂಚೆ ಇಲ್ಲಿನ ಲೈಸೆನ್ಸನ್ನು ಹಾಗೇ ಕೈಬಿಡಬೇಡಿ. ಬಿಬಿಎಸ್‌ಗೆ ಹೇಳಿ ಇನಾಕ್ಟಿವ್ ಮಾಡಿಸಿ. ನವೀಕರಣದ ಫೀಸು ಕಡಿಮೆ, 36 ಗಂಟೆಯ ಕಲಿಕೆಯೂ ಆಗ ಬೇಕಿಲ್ಲ. ಮತ್ತೆ ಬಂದರೆ ಕಲಿಕೆಯ ಗಂಟೆ ಪೂರೈಸಿ ಚಾಲೂ ಮಾಡಿಕೊಳ್ಳಬಹುದು.